ಜಗಳ ಜಗಳಕ್ಕೆ, ಸೊಪ್ಪು ಸೊಪ್ಪಿಗೆ

ಸ್ಕೂಲಿನಲ್ಲಿ ನನ್ನ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇದೆ. ಗುಂಡಗೆ, ಅಂಗೈಯಲ್ಲಿ ಅಡಗುವಷ್ಟು. ಮೇಲಿನ ಬಣ್ಣವೆಲ್ಲ ಹೋಗಿದೆ, ಬೆರಳು ತಗುಲಿ ತಗುಲಿ ಮುಚ್ಚಳದ ಅಂಚು ಮಾತ್ರ ಹೊಳೆಯುತ್ತದೆ. ಅದರೊಳಗೆ ಗುಂಡುಸೂಜಿ ಹಾಕಿಟ್ಟಿದ್ದೇನೆ. ಸೋಪಿನಲ್ಲಿ ತೊಳೆದಿದ್ದೇನೆ, ಬಿಸಿನೀರಲ್ಲಿ ಅದ್ದಿದ್ದೇನೆ, ಬಿಸಿಲಿಗೂ ಇಟ್ಟಿದ್ದೇನೆ. ಆದರೂ ಉತ್ತರಪತ್ರಿಕೆಗಳಿಗೆ ಸೂಜಿ ಚುಚ್ಚಲು ಮುಚ್ಚಳ ತೆಗೆದೆನೆಂದರೆ ಸೀನು ಗ್ಯಾರಂಟಿ. ಪಕ್ಕದ ಮೇಜಿನ ಕನ್ನಡ ಮೇಷ್ಟ್ರು, "ಮೇಡಂ, ಮಕ್ಳು ಅಷ್ಟು ಖಾರವಾಗಿ ಬರೆದಿದ್ದಾರಾ?" ಎಂದು ಕೇಳುತ್ತಾರೆ. ಅದು ನಶ್ಯದ ಡಬ್ಬಿ ಎಂದು ನಾನಿನ್ನೂ ಅವರಿಗೆ ಹೇಳಿಲ್ಲ.

ಹೇಳದಿರುವುದಕ್ಕೆ ಕಾರಣವಿದೆ. ಪಾಂಡವಪುರದ ಈ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ರಟ್ಟು ಕೊಟ್ಟು, "ತಂಬಾಕು ಬಿಡಿ, ಬದುಕು ಹಿಡಿ" ಎಂದು ಬೀದಿ ಬೀದಿ ಕೂಗಿಸಿಕೊಂಡು ಹೋಗುವವಳೂ ನಾನೇ. ಒಂದು ಸಲ ಬಸ್ ಸ್ಟಾಂಡಿನ ಹತ್ತಿರ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ನಮ್ಮ ಮೆರವಣಿಗೆ ಕಂಡು ಎದ್ದು ನಿಂತರು. ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿದರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ತಿರುಗಿ ನೋಡುವಷ್ಟರಲ್ಲಿ ಅವರು ಸೊಂಟದಿಂದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಬೀಡಿ ಬುಡು ಅಂದ್ರಲ್ಲ ಮೇಷ್ಟ್ರಮ್ಮ, ಅದ್ಕೇ ಬುಟ್ಟೆ," ಎಂದು ಪೂರ್ತಿ ವಿಧೇಯತೆಯಿಂದ ಹೇಳಿ ಕಡ್ಡಿಪುಡಿ ಬಾಯಿಗೆ ಹಾಕಿಕೊಂಡರು.

ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ಕಡ್ಡಿಯನ್ನು ಒಣಗಿಸಿ, ಸಣ್ಣಗೆ ಹೆಚ್ಚಿ ಮಾಡಿದ ಪುಡಿ. ನಮ್ಮ ಕಡೆ ಎಲೆಅಡಿಕೆ ಅಂದರೆ ಅದು ಇದ್ದೇ ಇರುತ್ತದೆ, ಸಾರಿಗೆ ಉಪ್ಪಿದ್ದ ಹಾಗೆ. ಸಾರಿನ ಹೆಸರು ಹೇಳುವಾಗ ಯಾರೂ ಉಪ್ಪಿನ ಹೆಸರು ಹೇಳುವುದಿಲ್ಲವಲ್ಲ, ಹಾಗೇ ಇದರದ್ದೂ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಜ ಹೇಳಬೇಕೆಂದರೆ, ಊದುಬತ್ತಿಯ ಹೊಗೆಗೂ ಕೆಮ್ಮುವ ನನಗೆ ಎರಡು ಮೂರು ಬಗೆಯ ಸೊಪ್ಪು ಬಳಸುವವರನ್ನು ಕಂಡರೆ ಒಳಗೊಳಗೇ ಒಂದು ಬಗೆಯ ಗೌರವ. ಬರೀ ಸಿಗರೇಟು ಸೇದುವವರನ್ನು ಕಂಡರೆ ಇಲ್ಲ. ಅದೊಂದು ಚಟ ಅಷ್ಟೆ, ಮೂಲೆಯಲ್ಲಿ ನಿಂತು ಹೊಗೆ ಬಿಟ್ಟು ಬಂದರೆ ಮುಗಿಯಿತು. ಬೀಡಿಗೆ ಒಂದು ಹೊತ್ತು, ನಶ್ಯಕ್ಕೆ ಒಂದು ಹೊತ್ತು, ಕಡ್ಡಿಪುಡಿಗೆ ಒಂದು ಹೊತ್ತು ಎಂದು ದಿನವನ್ನು ಹಂಚಿಕೊಂಡವರಿದ್ದಾರಲ್ಲ, ಅವರದ್ದೇ ಬೇರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದರೆ ನಾನು ಕಿಟಕಿ ಬಿಟ್ಟು ಅವರ ಕೈಗಳನ್ನೇ ನೋಡುತ್ತಿರುತ್ತೇನೆ. ಎಲೆಯ ತೊಟ್ಟು ಮುರಿಯುವುದು, ಬೆನ್ನಿನ ನರ ಬಿಡಿಸುವುದು, ತೋರುಬೆರಳ ತುದಿಯಲ್ಲಿ ಸುಣ್ಣ ಸವರುವುದು. ಬಸ್ಸು ಎಷ್ಟೇ ಕುಲುಕಲಿ, ಒಂದು ಚೂರು ಸುಣ್ಣ ಪಂಚೆಯ ಮೇಲೆ ಬೀಳುವುದಿಲ್ಲ. ನಾನು ಅದೇ ಬಸ್ಸಿನಲ್ಲಿ ನೀರಿನ ಬಾಟಲಿ ಎತ್ತಿ ಕುಡಿಯಲು ಹೋಗಿ ಸೆರಗೆಲ್ಲ ಒದ್ದೆ ಮಾಡಿಕೊಳ್ಳುತ್ತೇನೆ.

ಈ ಗೌರವ ನನಗೆ ಅಜ್ಜಿಯಿಂದ ಬಂದದ್ದು. ಅಜ್ಜಿಯ ತವರು ನಾಗಮಂಗಲದ ಕಡೆ ಬಿಂಡಿಗನವಿಲೆ. ಕುರಿ ಹಿಂದೆ ಅಲೆದು ಬೆಳೆದ ಹೆಂಗಸು. ಮಳೆ ನೋಡಿ ಹೊಲ ಉಳುವ ಸೀಮೆಯಿಂದ ನಮ್ಮ ಸಿಂಧಘಟ್ಟಕ್ಕೆ ಸೊಸೆಯಾಗಿ ಬರುವಾಗ ತಂದದ್ದು ಎರಡೇ, ಒಂದು ಕಂಬಳಿ, ಇನ್ನೊಂದು ಈ ಅಭ್ಯಾಸ. ಊಟವಾದ ಮೇಲೆ ಬೆರಳ ತುದಿಗೆ ನಶ್ಯ ತಾಗಿಸಿಕೊಂಡು ಹಲ್ಲಿಗೆ ತಿಕ್ಕುತ್ತಿದ್ದಳು. ಮಧ್ಯಾಹ್ನ ಕಡ್ಡಿಪುಡಿ ಹಾಕಿದ ಎಲೆಅಡಿಕೆ ದವಡೆಗೆ ಒತ್ತರಿಸಿಕೊಂಡು ಕಾಳು ಹಸನು ಮಾಡುತ್ತಿದ್ದಳು. ಯಾರೂ ಇಲ್ಲದ ಹೊತ್ತಲ್ಲಿ ಹಿತ್ತಿಲಿನ ಹುಲ್ಲುಮೆದೆಯ ಮರೆಯಿಂದ ಬೀಡಿಯ ಹೊಗೆ ಏಳುತ್ತಿತ್ತು. "ಅಜ್ಜೀ, ಹುಲ್ಲಿಗೆ ಬೆಂಕಿ ಬಿದ್ದಿದೆ," ಎಂದು ನಾನೊಮ್ಮೆ ಊರು ಕೇಳುವಂತೆ ಕೂಗಿದೆ. ಬಿಂದಿಗೆ ಹಿಡಿದು ಓಡಿ ಬಂದವರ ಎದುರು ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಎಲ್ಲದೆ ಬೆಂಕಿ? ಈ ಮುಂಡೇದಕ್ಕೆ ಕಣ್ಣು ಮಂಜು ಕಣ್ರಪ್ಪ," ಅಂದಳು. ಅದಾದ ಮೇಲೆ ಒಂದು ವಾರ ನನ್ನ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿತ್ತು.

ಅದೇ ಅಜ್ಜಿಯ ಸಂಚಿಯಿಂದ ನಾನೊಂದು ಸಲ ಕಡ್ಡಿಪುಡಿ ಕದ್ದು ಬಾಯಿಗೆ ಹಾಕಿಕೊಂಡೆ. ಉಗಿಯಬೇಕೆಂದು ಗೊತ್ತಿರಲಿಲ್ಲ, ನುಂಗಿದೆ. ಕೊಟ್ಟಿಗೆಯ ಕಂಬಗಳೆಲ್ಲ ಮೆಲ್ಲಗೆ ನಡೆಯಲು ಶುರುಮಾಡಿದವು. ಕಣ್ಣು ಬಿಟ್ಟಾಗ ಗೊಂತಿನ ಹುಲ್ಲಿನ ಮೇಲೆ ಬಿದ್ದಿದ್ದೆ, ಕರು ನನ್ನ ಕಿವಿ ನೆಕ್ಕುತ್ತಿತ್ತು. ಅಜ್ಜಿ ಮಜ್ಜಿಗೆ ಕುಡಿಸಿ, ಕೇಳಿದವರಿಗೆಲ್ಲ "ಪಿತ್ತ ಕಣವ್ವ, ಬಿಸ್ಲು ಜಾಸ್ತಿ," ಎಂದು ಹೇಳಿ ನನ್ನ ಮಾನ ಉಳಿಸಿದಳು. ತನ್ನ ಮಾನವನ್ನೂ ಉಳಿಸಿಕೊಂಡಳು ಅನ್ನಿ. ನನ್ನ ತಂಬಾಕಿನ ಅನುಭವ ಅಲ್ಲಿಗೆ ಆರಂಭವಾಗಿ ಅಲ್ಲಿಗೇ ಮುಗಿಯಿತು.

ಅಜ್ಜಿ ತೀರಿಕೊಂಡ ಮೇಲೂ ಅವಳ ಮೂರು ಸೊಪ್ಪೂ ನಿಲ್ಲಲಿಲ್ಲ. ನಮ್ಮಲ್ಲಿ ಮಾರ್ಲಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದೆಲ್ಲ ಬಾಳೆ ಎಲೆಯ ಮೇಲೆ ಇರಬೇಕು. ಕೋಳಿಸಾರಿನ ಪಕ್ಕದಲ್ಲಿ ಅಜ್ಜಿಗೆ ಒಂದು ಚಿಟಿಕೆ ನಶ್ಯ, ಒಂದು ಹಿಡಿ ಕಡ್ಡಿಪುಡಿ ಇಡುತ್ತಿದ್ದರು. ನನ್ನ ದೊಡ್ಡಪ್ಪ ಎಲೆಯ ಅಂಚಿನ ಕೆಳಗೆ, ಹೊರಗೆ ಕಾಣದ ಹಾಗೆ, ಒಂದು ಬೀಡಿಯನ್ನೂ ತೂರಿಸುತ್ತಿದ್ದರು. ಹೊಗೆ ಎಲ್ಲಿಂದ ಬರುತ್ತಿತ್ತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ.

ಈಗ ದೊಡ್ಡಪ್ಪನ ವಿಷಯಕ್ಕೆ ಬರುತ್ತೇನೆ, ಡಬ್ಬಿಯ ಕತೆ ಇರುವುದೇ ಅಲ್ಲಿ. ನನ್ನ ಅಪ್ಪ ಬೇಗ ಹೋದರು. ಸಾಕಿದ್ದು, ಓದಿಸಿದ್ದು, ಶ್ರೀರಂಗಪಟ್ಟಣದ ಮನೆಗೆ ಕೊಟ್ಟು ಮದುವೆ ಮಾಡಿದ್ದು ಎಲ್ಲ ದೊಡ್ಡಪ್ಪ ಚಿಕ್ಕೇಗೌಡರೇ. ಅವರ ಮನೆಗೂ ಬೋರೇಗೌಡರ ಮನೆಗೂ ಒಂದೇ ಗೋಡೆ, ಮುಂದೆ ಒಂದೇ ಉದ್ದನೆಯ ಜಗಲಿ. ಬೋರೇಗೌಡರು ದಾಯಾದಿ, ನಮ್ಮದಕ್ಕಿಂತ ಹಿರಿಯ ಮನೆಯವರು. ಒಂದೇ ವಾರಿಗೆಯವರಾದ್ದರಿಂದ ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು, ಒಂದೇ ಬೀಡಿ ಹಂಚಿಕೊಂಡು ಕೆಮ್ಮು ಕಲಿತವರು.

ಅವರ ಸೊಪ್ಪಿನ ಸಂಸಾರ ನೋಡಬೇಕಿತ್ತು ನೀವು. ನಶ್ಯದ ಡಬ್ಬಿ ಇದ್ದದ್ದು ಬೋರೇಗೌಡರ ಹತ್ತಿರ ಮಾತ್ರ. ಬೀಡಿಕಟ್ಟು ದೊಡ್ಡಪ್ಪನ ಹತ್ತಿರ. ಬೆಂಕಿಪೊಟ್ಟಣ ಬೋರೇಗೌಡರದ್ದು. ಎಲೆ ನಮ್ಮ ಹಿತ್ತಿಲಿನ ವೀಳ್ಯದೆಲೆ ಬಳ್ಳಿಯದು, ಅಡಿಕೆಯೂ ಸುಣ್ಣವೂ ನಮ್ಮವು, ಕಡ್ಡಿಪುಡಿ ಬೋರೇಗೌಡರು ಕೆ.ಆರ್. ಪೇಟೆ ಸಂತೆಯಿಂದ ತರುತ್ತಿದ್ದದ್ದು. ಒಬ್ಬರಿಲ್ಲದೆ ಇನ್ನೊಬ್ಬರ ಬಾಯಿಗೂ ಮೂಗಿಗೂ ಏನೂ ಸಿಗದ ಹಾಗೆ ಹಂಚಿಕೊಂಡಿದ್ದರು. ಹೊತ್ತು ಹುಟ್ಟುವಾಗ ನಶ್ಯ, ಮಧ್ಯಾಹ್ನ ಬೀಡಿ, ಹೊತ್ತು ಮುಳುಗುವಾಗ ಎಲೆಅಡಿಕೆ. ಬೋರೇಗೌಡರು ಜಗಲಿಯ ಕಲ್ಲಿಗೆ ಡಬ್ಬಿಯನ್ನು ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಒಳಗೆ ದೊಡ್ಡಪ್ಪ ಏನೇ ಮಾಡುತ್ತಿರಲಿ, ಕೈಯಲ್ಲಿದ್ದ ಮುದ್ದೆಯನ್ನೇ ಬಿಟ್ಟು ಎದ್ದು ಹೋಗುತ್ತಿದ್ದರು.

ಇಂಥ ಇಬ್ಬರು ನನ್ನ ವೀಳ್ಯಶಾಸ್ತ್ರದ ದಿನ ಮಾತು ಬಿಟ್ಟರು. ಹೆಣ್ಣು ಗೊತ್ತಾದ ಮೇಲೆ ಹೆಣ್ಣಿನ ಕಡೆಯ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗಿ, ಎಲ್ಲರ ಎದುರು ಎಲೆಅಡಿಕೆ ಕೊಡುವುದು ಕ್ರಮ. ಮೊದಲ ವೀಳ್ಯ ದಾಯಾದಿಗಳಲ್ಲಿ ಹಿರಿಯ ಮನೆಗೆ, ಅಂದರೆ ಬೋರೇಗೌಡರಿಗೆ. ಚಪ್ಪರದ ತುಂಬ ಜನ. ದೊಡ್ಡಪ್ಪ ವೀಳ್ಯದ ತಟ್ಟೆ ಹಿಡಿದು ಎದ್ದು ನಿಂತರು. ಹೆಸರು ಕೂಗಲಿಲ್ಲ. ಸುಮ್ಮನೆ ಗದ್ದ ಎತ್ತಿ ಒಂದು ದಿಕ್ಕಿಗೆ ತೋರಿಸಿದರು. ಬೋರೇಗೌಡರ ಮುಂದಿನ ಸಾಲಿನಲ್ಲಿ ಕೂತಿದ್ದ, ಬಿಳಿ ಕಾರಿನಲ್ಲಿ ಬಂದಿದ್ದ ನೆಂಟರೊಬ್ಬರು ತಮ್ಮನ್ನೇ ಕರೆದದ್ದೆಂದು ಎದ್ದು ಬಂದು ವೀಳ್ಯ ತೆಗೆದುಕೊಂಡುಬಿಟ್ಟರು. ದೊಡ್ಡಪ್ಪ ತಡೆಯಲಿಲ್ಲ. ಬೋರೇಗೌಡರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಊಟಕ್ಕೆ ಕರೆಯಲು ಹೋದವರಿಗೆ ಬಾಗಿಲು ತೆಗೆಯಲಿಲ್ಲ. ಕಾರು ನೋಡಿ ನೆಂಟನಿಗೆ ಮಣೆ ಹಾಕಿದ ಎಂದು ಊರು ಆಡಿಕೊಂಡಿತು. ದೊಡ್ಡಪ್ಪ ಯಾರಿಗೂ ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ, ಅದು ಅವರ ಜಂಬ.

ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಅಂದರೆ ಎಷ್ಟು ವರ್ಷವಾಯಿತು ನೋಡಿ. "ನಮ್ಮ ಮದ್ವೆಯಿಂದ ಇಬ್ಬರು ಗಂಡಸರು ಮಾತು ಬಿಟ್ಟರು. ಆ ಭಾಗ್ಯ ನನಗೆ ಸಿಗಲಿಲ್ಲವಲ್ಲ," ಎಂದು ನನ್ನ ಯಜಮಾನರು ಇವತ್ತಿಗೂ ಹೇಳುತ್ತಾರೆ.

ಆದರೆ ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದಾಗ ಹೊತ್ತು ಮುಳುಗುವ ಹೊತ್ತಿಗೆ ಜಗಲಿಯಿಂದ ಟಕ್ ಟಕ್ ಕೇಳಿಸಿತು. ದೊಡ್ಡಪ್ಪ ಎಂದಿನಂತೆ ಎದ್ದು ಹೋದರು. ನಾನು ಕಿಟಕಿಯಲ್ಲಿ ಇಣುಕಿದೆ. ಜಗಲಿಯ ಆ ತುದಿಗೆ ಅವರು, ಈ ತುದಿಗೆ ಇವರು, ಮುಖ ಬೀದಿಯ ಕಡೆಗೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚಿ ಮಧ್ಯದಲ್ಲಿಟ್ಟರು. ಬೋರೇಗೌಡರು ಅದನ್ನು ತೆಗೆದುಕೊಂಡರು. ದೊಡ್ಡಪ್ಪ ಆ ಕಡೆ ನೋಡದೆಯೇ ಅಂಗೈ ಚಾಚಿದರು, ಬೋರೇಗೌಡರು ಈ ಕಡೆ ನೋಡದೆಯೇ ಅದರಲ್ಲಿ ಕಡ್ಡಿಪುಡಿ ಹಾಕಿದರು. ಇಬ್ಬರೂ ಅಗಿದರು, ಉಗಿದರು, ಎದ್ದು ಒಳಗೆ ಹೋದರು. ಒಂದು ಮಾತಿಲ್ಲ.

"ಇದೇನ್ ದೊಡ್ಡಪ್ಪ, ಮಾತು ಬಿಟ್ಟಿದ್ದೀರಿ, ಸೊಪ್ಪು ಬಿಟ್ಟಿಲ್ಲ?" ಅಂದೆ.

"ಬೆಂಕಿ, ನೀರು, ಸೊಪ್ಪು ಕೇಳಿದ್ರೆ ಇಲ್ಲ ಅನ್ನಬಾರ್ದು ಕಣಮ್ಮಿ," ಅಂದರು ದೊಡ್ಡಪ್ಪ. "ಅಗೆಯೋನಾದ್ರೂ ಕೊಡ್ಬೇಕು. ಜಗಳ ಜಗಳಕ್ಕೆ, ಸೊಪ್ಪು ಸೊಪ್ಪಿಗೆ."

ಹೀಗೆ ವರ್ಷಗಳು ಕಳೆದವು. ಹಬ್ಬ ಬಂತು, ಹೋಯಿತು. ಬೋರೇಗೌಡರ ಮನೆಯಲ್ಲಿ ಮೊಮ್ಮಗು ಹುಟ್ಟಿತು, ನಮ್ಮ ಮನೆಯಲ್ಲಿ ಎತ್ತು ಸತ್ತಿತು. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತು ಹೇಳಲಿಲ್ಲ. ಎತ್ತು ಸತ್ತ ದಿನ ಟಕ್ ಟಕ್ ಸ್ವಲ್ಪ ಬೇಗ ಕೇಳಿಸಿತಂತೆ, ಕಡ್ಡಿಪುಡಿ ಸ್ವಲ್ಪ ಜಾಸ್ತಿ ಬಿತ್ತಂತೆ. ಅಷ್ಟೆ. ಹೆಂಗಸರು ಮಾತ್ರ ಮಾತು ಬಿಟ್ಟಿರಲಿಲ್ಲ. ನಮ್ಮ ದೊಡ್ಡಮ್ಮನೂ ಬೋರೇಗೌಡರ ಹೆಂಡತಿ ಸಾಕಮ್ಮನೂ ಹಿತ್ತಿಲ ಗೋಡೆಯ ಮೇಲೆ ದಿನಾ ಹೆಪ್ಪಿನ ಬಟ್ಟಲು ಕೊಟ್ಟು ತೆಗೆದುಕೊಳ್ಳುತ್ತಿದ್ದರು, ಜೊತೆಗೆ ಊರಿನ ಸುದ್ದಿಯನ್ನೂ.

ಹೋದ ವರ್ಷ ಒಂದು ದಿನ ದೊಡ್ಡಮ್ಮನ ಫೋನು ಬಂತು. "ನಿಮ್ ದೊಡ್ಡಪ್ಪ ಉಪ್ಸಾರಿನ್ ಖಾರ ಬ್ಯಾಡ ಅಂದ್ಬುಟ್ರು ಕಣವ್ವ."

ಮಂಡ್ಯ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಖಾರವಿಲ್ಲದೆ ಉಪ್ಸಾರು ಉಣ್ಣುವ ಗಂಡಸು ಒಂದೋ ಹಸುಗೂಸು, ಇಲ್ಲವೇ ದೊಡ್ಡ ಕಾಯಿಲೆಯವನು. ನಾನು ಮಾರನೆಯ ದಿನವೇ ರಜೆ ಹಾಕಿ ಹೋದೆ. ದವಡೆಯ ಒಳಭಾಗದಲ್ಲಿ ಬೆಳ್ಳಗಿನ ಮಚ್ಚೆ, ಪಕ್ಕದಲ್ಲಿ ಕೆಂಪಗೆ ಹುಣ್ಣು. ನಾಗಮಂಗಲದ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆಯವಳು. "ಅಜ್ಜ, ಬೀಡಿ ಸೇದ್ತೀರಾ?" ಎಂದು ಕೇಳಿದಳು.

"ಊ ಕಣವ್ವ. ವಸಿ."

"ಹೊಗೆಸೊಪ್ಪು ಹಾಕ್ತೀರಾ?"

"ಸಿವ ಸಿವಾ! ಇಲ್ಲ ಕಣವ್ವ. ನಮ್ಮಪ್ಪ ಆಕೋತಿದ್ದ. ನಾನು ಮುಟ್ಟಕಿಲ್ಲ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದೊಡ್ಡಪ್ಪ ಸುಳ್ಳು ಹೇಳುವವರಲ್ಲ. "ದೊಡ್ಡಪ್ಪ, ಕಡ್ಡಿಪುಡಿ?" ಅಂದೆ.

"ಅದು ಎಲೆಅಡಿಕೆ ಕಣಮ್ಮಿ. ಅವ್ರು ಕೇಳ್ತಾ ಇರೋದು ವೊಗೆಸೊಪ್ಪು."

"ಮತ್ತೆ ನಶ್ಯ?"

"ಅದು ಸೀತಕ್ಕೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ದಿನಾ ಶೀತ ಆಗುತ್ತಾ ಅಜ್ಜ?"

"ಎಲ್ಲಾಯ್ತದೆ? ದಿನಾ ನಶ್ಯ ಏರುಸ್ತೀನಲ್ಲ," ಅಂದರು ದೊಡ್ಡಪ್ಪ. ಡಾಕ್ಟರಮ್ಮ ನಕ್ಕಳು. ನಾನು ಮಾತ್ರ ನಗಲಾರದೆ ಕೂತಿದ್ದೆ. ಪಾಂಡವಪುರದ ಬೀದಿಯಲ್ಲಿ "ತಂಬಾಕು ಬಿಡಿ" ಎಂದು ನಾವು ಕೂಗಿದ್ದು ಯಾರಿಗೆ ಕೇಳಿಸಿದ್ದೀತು? ತಂಬಾಕು ಎನ್ನುವ ವಸ್ತುವನ್ನೇ ಇವರು ಯಾರೂ ಬಳಸುತ್ತಿರಲಿಲ್ಲವಲ್ಲ.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಹೋದ ದಿನ ಡಾಕ್ಟರಮ್ಮ ನಗಲಿಲ್ಲ. "ಇವತ್ತಿಗೆ ಇದು ಕ್ಯಾನ್ಸರ್ ಅಲ್ಲ ಅಜ್ಜ. ಆದ್ರೆ ಆ ದಾರೀಲಿರೋ ಮಚ್ಚೆ. ಬೀಡಿ, ನಶ್ಯ, ಕಡ್ಡಿಪುಡಿ, ಅಡಿಕೆ, ಒಂದೂ ಇರಬಾರದು. ಬಿಟ್ರೆ ಕಮ್ಮಿಯಾಗಬಹುದು. ಬಿಡದಿದ್ರೆ ಮುಂದಿನ ಸಲ ನಾನು ಇದೇ ಮಾತು ಹೇಳೋಕಾಗಲ್ಲ."

ದೊಡ್ಡಪ್ಪ ತಲೆಯಾಡಿಸಿದರು. ನಾಗಮಂಗಲದ ಬಸ್ ಸ್ಟಾಂಡಿನಲ್ಲಿ ಬೀಡಿಕಟ್ಟು ಹೊರಗೆ ತೆಗೆದರು. ಎಸೆಯಿರಿ ಎಂದೆ. "ಎಸ್ಯಾದಾ? ಪಾಪ ಬತ್ತದೆ," ಎಂದು ಗದರಿ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಯಾರೋ ಅಪರಿಚಿತರು ಬಂದು "ಒಂದು ಬೀಡಿ ಇದ್ರೆ ಕೊಡಣ್ಣ," ಅಂದರು. ದೊಡ್ಡಪ್ಪ ಇಡೀ ಕಟ್ಟನ್ನೇ ಅವರ ಕೈಗಿಟ್ಟು, "ಮಡಿಕಳಪ್ಪ," ಅಂದರು. ಆ ಮನುಷ್ಯ ಹಿಗ್ಗಿ ಕೈಮುಗಿದ. ಪುಣ್ಯವೋ ಪಾಪವೋ ನನಗೆ ಲೆಕ್ಕ ಸಿಗಲಿಲ್ಲ. ಆದರೆ ಅವತ್ತಿನಿಂದ ದೊಡ್ಡಪ್ಪ ಬೀಡಿ ಮುಟ್ಟಲಿಲ್ಲ. ಸ್ವಲ್ಪ ದಿನದಲ್ಲಿ ನಶ್ಯವನ್ನೂ ಬಿಟ್ಟರು. ಬಾಲ್ಯದಿಂದ ಹತ್ತಿಸಿಕೊಂಡದ್ದನ್ನು ಆ ವಯಸ್ಸಿನಲ್ಲಿ ಹೀಗೆ ಕಳಚಿ ಇಡುವುದು ಸಾಮಾನ್ಯವಲ್ಲ. ಬೆಳಿಗ್ಗೆ ಕಾಫಿ ತಪ್ಪಿದರೆ ತರಗತಿಯಲ್ಲಿ ಮಕ್ಕಳ ಮೇಲೆ ಹರಿಹಾಯುವ ನಾನು ಅವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಉಳಿದದ್ದು ಕಡ್ಡಿಪುಡಿ. ಅದನ್ನು ಬಿಡಲಿಲ್ಲ. ಹೊತ್ತು ಮುಳುಗುವಾಗ ಟಕ್ ಟಕ್ ಕೇಳಿಸಿದರೆ ಎದ್ದು ಹೋಗುತ್ತಿದ್ದರು. ದೊಡ್ಡಮ್ಮ ಅತ್ತರು, ನಾನು ಫೋನಿನಲ್ಲಿ ಬೈದೆ, ಊರಿಗೇ ಹೋಗಿ ಬೈದೆ. "ದೊಡ್ಡಪ್ಪ, ಬೀಡಿಯನ್ನೇ ಬಿಟ್ಟಿರಿ. ಈ ಪುಡಿ ಏನು ಮಹಾ? ಜೀವಕ್ಕಿಂತ ಹೆಚ್ಚಾ?"

ಅವರು ಬಾಗಿಲ ಕಡೆ ನೋಡಿದರು. ಆಮೇಲೆ, "ಪುಡಿ ಬುಡಾಕೆ ಕಷ್ಟ ಇಲ್ಲ ಕಣಮ್ಮಿ," ಅಂದರು. "ಬೆಳಿಗ್ಗೆ ನಶ್ಯಕ್ಕೆ ಓಯ್ತಿದ್ದೆ, ಬುಟ್ಟೆ. ಮದ್ಯಾನ ಬೀಡಿಗೆ ಓಯ್ತಿದ್ದೆ, ಬುಟ್ಟೆ. ಈಗ ಇರಾದು ಇದೊಂದೇ. ಅವ್ನು ಕುಟ್ತಾನೆ. ನಾನು ಓಗ್ದೆ ಇದ್ರೆ ನಾಳೀಕೂ ಕುಟ್ತಾನೆ, ನಾಡಿದ್ದೂ ಕುಟ್ತಾನೆ. ಆಮ್ಯಾಕೆ ಕುಟ್ಟಾಕಿಲ್ಲ. ಅಲ್ಲಿಗೆ ಮುಗೀತು."

ಮೂರು ಸೊಪ್ಪು ಯಾಕೆ ಬೇಕಿತ್ತು ಎಂದು ಅವತ್ತು ಅರ್ಥವಾಯಿತು. ಒಂದೇ ಸೊಪ್ಪಾಗಿದ್ದರೆ ದಿನಕ್ಕೆ ಒಂದೇ ಸಲ ಎದ್ದು ಹೋಗಬಹುದಿತ್ತು.

"ನಾನು ಬೋರೇಗೌಡರಿಗೆ ಹೇಳ್ತೀನಿ, ಬಿಡಿ," ಅಂದೆ. ದೊಡ್ಡಪ್ಪನ ಕಣ್ಣು ಕೆಂಪಗಾಯಿತು. "ಯೋಳೀಯೆ! ಕಾಯ್ಲೆ ನೆಪ ಮಾಡ್ಕಂಡು ರಾಜಿಗೆ ಬಂದ ಅಂತಾನೆ. ನನ್ ಆಣೆ ಅದೆ, ಯೋಳ್ಬ್ಯಾಡ." ನಾನು ಹೇಳಲಿಲ್ಲ.

ಮಾರ್ಲಮಿ ಬಂತು. ಎಡೆ ಇಡಲು ನಾನೂ ಊರಿಗೆ ಹೋಗಿದ್ದೆ. ದೊಡ್ಡಪ್ಪ ಅಜ್ಜಿಯ ಎಲೆಯ ಮೇಲೆ ನಶ್ಯ, ಕಡ್ಡಿಪುಡಿ ಇಟ್ಟರು, ಅಂಚಿನ ಕೆಳಗೆ ಬೀಡಿ ತೂರಿಸಿದರು. "ನಾನ್ ಸತ್ತ್ ಮ್ಯಾಕೆ ನಂಗೂ ಮೂರೂ ಇಕ್ರವ್ವ. ಆಗ ಯಾವ್ ಡಾಕ್ಟ್ರು ಏನ್ ಮಾಡಾರು?" ಎಂದು ನಕ್ಕರು. ಧೂಪ ಹಾಕಿ ಕೈಮುಗಿದು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಪಕ್ಕದ ಮನೆಯ ಬಾಗಿಲೂ ಮುಚ್ಚಿತ್ತು. ಅವರ ಮನೆಯವರೂ ಜಗಲಿಯ ಮೇಲೆ ಕಾಯುತ್ತಿದ್ದರು. ಎರಡು ಮನೆಯ ಜನ ಒಂದೇ ಜಗಲಿಯ ಮೇಲೆ, ಮಧ್ಯದಲ್ಲಿ ಆ ಇಬ್ಬರು, ಮುಖ ಬೀದಿಯ ಕಡೆಗೆ.

ಟಕ್ ಟಕ್.

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚಿ ಮಧ್ಯದಲ್ಲಿಟ್ಟರು. ಬೋರೇಗೌಡರು ತೆಗೆದುಕೊಳ್ಳಲಿಲ್ಲ. ದೊಡ್ಡಪ್ಪ ಆ ಕಡೆ ನೋಡದೆ ಎಂದಿನಂತೆ ಅಂಗೈ ಚಾಚಿದರು. ಬೋರೇಗೌಡರು ಡಬ್ಬಿ ತೆರೆದು ಏನೋ ಸುರಿದರು. ದೊಡ್ಡಪ್ಪ ಬಾಯಿಗೆ ಹಾಕಿಕೊಳ್ಳಲು ಹೋಗಿ ನಿಂತರು. ಅಂಗೈ ನೋಡಿಕೊಂಡರು. ಹುರಿಗಡಲೆ. ಜೊತೆಗೆ ಒಂದು ಚೂರು ಬೆಲ್ಲ.

"ಏನ್ಲಾ ಇದು?" ಅಂದರು ದೊಡ್ಡಪ್ಪ. ತಾವು ಮಾತಾಡಿದ್ದು ಅವರಿಗೇ ಗೊತ್ತಾಗಿರಲಿಲ್ಲ.

"ಕಡ್ಲೆ ಕಣ್ಲಾ. ಕಣ್ ಕಾಣಾಕಿಲ್ವಾ?"

"ಪುಡಿ ಎಲ್ಲಿ?"

"ಬುಟ್ಬುಟ್ಟೆ. ನೀನೊಬ್ನೇ ಬುಟ್ಟು ದೊಡ್ಮನ್ಸ ಆಗ್ಬೇಕು ಅಂತಿದ್ಯಾ?" ಅಂದರು ಬೋರೇಗೌಡರು. "ಸಾಯಾಕ್ ಬಿದ್ದಿದ್ದೀಯ, ಒಂದ್ ಮಾತು ಯೋಳ್ಬಾರ್ದೇನ್ಲಾ ನಂಗೆ? ಸೊಪ್ಪು ನಾನೇ ಆಕ್ತಿದ್ನಲ್ಲೋ ಇಷ್ಟ್ ದಿನ. ನನ್ ಕೈಯಾರ ಆಕ್ತಿದ್ದೆ." ಟವೆಲಿನಿಂದ ಮೂಗು ಒರೆಸಿಕೊಂಡು, ನಶ್ಯ ಬಿಟ್ಟದ್ದಕ್ಕೆ ಶೀತ ಶುರುವಾಗಿದೆ ಎಂದು ಯಾರಿಗೋ ಹೇಳಿದರು. ಹೆಪ್ಪಿನ ಬಟ್ಟಲಿನ ಜೊತೆಗೆ ದೊಡ್ಡಪ್ಪನ ಬಾಯಿಯ ಸುದ್ದಿಯೂ ಗೋಡೆ ದಾಟಿತ್ತೆಂದು ಆಮೇಲೆ ತಿಳಿಯಿತು. ಆಣೆ ಹಾಕಿಸಿಕೊಂಡವಳು ನಾನು, ದೊಡ್ಡಮ್ಮ ಅಲ್ಲವಲ್ಲ.

ಬೋರೇಗೌಡರು ಉಳಿದ ಕಡಲೆಯನ್ನು ದೊಡ್ಡಪ್ಪನ ಅಂಗೈಗೆ ಸುರಿದು ಖಾಲಿ ಡಬ್ಬಿಯನ್ನು ನನ್ನ ಕಡೆ ಚಾಚಿದರು. "ತಗಳವ್ವ, ಸೂಜಿ ಗೀಜಿ ಮಡಿಕೊ. ಇನ್ನು ಇವನ್ನ ಕರ್ಯಾಕೆ ಡಬ್ಬಿ ಯಾಕೆ? ಬಾಯಿ ಅದೆಯಲ್ಲ."

ಈಗ ಅವರಿಬ್ಬರ ಬಾಯಿಗೆ ಬಿಡುವಿಲ್ಲ. ಇಷ್ಟು ವರ್ಷ ಆಡದೇ ಉಳಿದ ಜಗಳವನ್ನೆಲ್ಲ ದಿನಾ ಜಗಲಿಯ ಮೇಲೆ ಆಡಿ ತೀರಿಸುತ್ತಿದ್ದಾರೆ. ಆಸ್ಪತ್ರೆಗೂ ಜೋಡಿಯಾಗಿಯೇ ಹೋಗುತ್ತಾರೆ, ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಕಿತ್ತಾಡುತ್ತಾರೆ. ಮಚ್ಚೆ ಪೂರ್ತಿ ಹೋಗಿಲ್ಲ, ಚಿಕ್ಕದಾಗಿದೆ ಎಂದ ಡಾಕ್ಟರಮ್ಮ ಬರುತ್ತಿರಿ ಎಂದಿದ್ದಾಳೆ. ಬೋರೇಗೌಡರೂ ಅವಳ ಮುಂದೆ ಬಾಯಿ ತೆರೆದು ತೋರಿಸಿ ಬಂದರಂತೆ. "ನಂದೂ ವಸಿ ನೋಡ್ಬುಡವ್ವ, ಇವನ್ ಜೊತೇಗೇ ಅಗ್ದಿದ್ದು," ಅಂದರಂತೆ.

ಆದರೆ ಮಾರ್ಲಮಿಯ ದಿನದ ಮಾತು ಮುಗಿದಿಲ್ಲ. ಹಿರಿಯರು ಉಂಡಿರಬೇಕೆಂದು ದೊಡ್ಡಮ್ಮ ಬಾಗಿಲು ತೆಗೆದರು. ಬೋರೇಗೌಡರು ತಮ್ಮ ಮನೆಯ ಕಡೆ ಹೋಗಲಿಲ್ಲ. ಅಷ್ಟು ವರ್ಷ ತುಳಿಯದ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಗೋಡೆಗೊರಗಿ ಕೂತರು. "ಈ ಕೂಸಿನ್ ವೀಳ್ಯದ್ ದಿನ ಉಣ್ದೆ ಓಗಿದ್ದೆ. ಅವತ್ತಿನ್ ಊಟ ಇವತ್ತು ಇಕ್ರವ್ವ," ಅಂದರು. ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡೆ. ದೊಡ್ಡಪ್ಪ ಪಕ್ಕದಲ್ಲಿ ಕೂತರು.

"ಈಗ್ಲಾರ ಯೋಳ್ಲಾ," ಅಂದರು ಬೋರೇಗೌಡರು, ಮುಂದಿದ್ದ ಖಾಲಿ ತಟ್ಟೆಯನ್ನೇ ನೋಡುತ್ತ. "ಅವತ್ತು ಅಷ್ಟ್ ಜನದ್ ಮುಂದೆ ನನ್ ಎಸ್ರು ಯಾಕ್ ಕೂಗ್ನಿಲ್ಲ?"

"ಕೂಗಾದೆಂಗೆ? ನಿನ್ ಕಡೀಕೇ ಗದ್ದ ಎತ್ತಿದ್ದು. ಆ ಕಾರಿನೋನು ಎದ್ ಬಂದ್ಬುಟ್ಟ. ಬ್ಯಾಡ ಅನ್ನಾಕೆ ಬಾಯ್ ಬುಡಂಗಿರ್ನಿಲ್ಲ. ಬಾಯ್ ತುಂಬಾ ಎಲೆಅಡಿಕೆ ರಸ. ನೆಂಟ್ರು ಮುಂದೆ ಉಗ್ಯಾದಾ, ನುಂಗಾದಾ?"

ಬೋರೇಗೌಡರು ಅವರ ಕಡೆ ತಿರುಗಿದರು. "ಅಂತಾ ಒತ್ನಲ್ಲಿ ಯಾವನ್ಲಾ ನಿಂಗೆ ಸೊಪ್ಪು ಕೊಟ್ಟೋನು?"

"ನೀನೇ ಕಣ್ಲಾ. ಚಪ್ಪರದ್ ತಾವ ನಿಂತ್ಕಂಡಿದ್ದಾಗ."

ಒಲೆಯ ಮುಂದೆ ದೊಡ್ಡಮ್ಮ ಮುದ್ದೆಯ ತಟ್ಟೆ ಹಿಡಿದು ನಿಂತೇ ಇದ್ದರು. ದೊಡ್ಡಪ್ಪ ಅವರ ಕಡೆ ತಿರುಗಿ, ಖಾಲಿ ಬಾಯಿಂದ, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಕೂಗಿದರು: "ಸಿಂಧಘಟ್ಟದ ಇರೀಮನೆ ಬೋರೇಗೌಡ್ರಿಗೆ ಮೊದ್ಲು ಇಕ್ಕಮ್ಮಿ!"

ಬೋರೇಗೌಡರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೆಲ್ಲುಕ್ ಕೂಗ್ಲಾ," ಅಂದರು. "ಬಾಯ್ ನೋಯ್ತದೆ."